ತೂಗಾಡುವ ಆನೆ ಕುಣಿಯುತ್ತಿಲ್ಲ

ಬೇಸಿಗೆ ರಜೆಯೊಂದರಲ್ಲಿ ನಮ್ಮ ಧರ್ಮಕೇಂದ್ರದ ಜ್ಞಾನೋಪದೇಶ ತರಗತಿಯ ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದಿದ್ದಾಗ ಮೃಗಾಲಯವೊಂದನ್ನು ನೋಡಿದೆವು. ಅದರ ಹೆಸರು ಇಲ್ಲಿ ಬೇಡ. ಅಲ್ಲಿ ಸಿಮೆಂಟಿನ ನೆಲದ ಮೇಲೆ, ಮುಂಗಾಲಿಗೂ ಹಿಂಗಾಲಿಗೂ ಸರಪಳಿ ಬಿಗಿಸಿಕೊಂಡು ಹೆಣ್ಣಾನೆಯೊಂದು ನಿಂತಿತ್ತು. ನಿಂತಿತ್ತು ಎನ್ನುವುದೂ ಪೂರ್ತಿ ಸರಿಯಲ್ಲ. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ, ಗಡಿಯಾರದ ಲೋಲಕದಂತೆ ಬಿಡುವಿಲ್ಲದೆ ತೂಗಾಡುತ್ತಿತ್ತು. "ಫಾದರ್, ಆನಿ ಡ್ಯಾನ್ಸ್ ಮಾಡಾಕತ್ತೈತಿ ನೋಡ್ರಿ" ಎಂದು ನಾಲ್ಕನೆಯ ತರಗತಿಯ ಹುಡುಗನೊಬ್ಬ ಕೂಗಿದ. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ನಾವೂ ನಕ್ಕೆವು.

ಆ ನಗೆಗಾಗಿ ಇಂದು ನಾಚುತ್ತೇವೆ. ಊರಿಗೆ ಮರಳಿದ ಮೇಲೆ ಪಶುವೈದ್ಯರಾದ ಮಿತ್ರರೊಬ್ಬರು ವಿಷಯವನ್ನು ತಿಳಿಸಿದರು. ಅದು ಕುಣಿತವಲ್ಲ. ಕಾಡಿನಲ್ಲಿ ಹಿರಿಯ ಹೆಣ್ಣಾನೆಯ ಹಿಂದೆ ಕುಟುಂಬವಾಗಿ ದಿನವೂ ಮೈಲಿಗಟ್ಟಲೆ ನಡೆಯುವ, ದಿನಕ್ಕೆ ಸುಮಾರು 150 ಕಿಲೋ ಮೇವನ್ನು ತಾನೇ ಹುಡುಕಿ ತಿನ್ನುವ ಪ್ರಾಣಿಯನ್ನು ಎರಡು ಗಜ ಸರಪಳಿಯಲ್ಲಿ ಒಂಟಿಯಾಗಿ ಕಟ್ಟಿಹಾಕಿದರೆ ಅದರ ಮನಸ್ಸು ಹೀಗೆ ಮುರಿಯುತ್ತದೆ. ಮನಸ್ಸಿನ ಜೊತೆಗೆ ಪಾದವೂ ಕೆಡುತ್ತದೆ. ಗಟ್ಟಿ ನೆಲದಲ್ಲಿ, ತನ್ನದೇ ಮೂತ್ರ, ಲದ್ದಿಗಳ ತೇವದಲ್ಲಿ ಹಗಲಿರುಳು ನಿಂತ ಆನೆಯ ಉಗುರು ಸೀಳುತ್ತದೆ, ಅಂಗಾಲು ಸವೆಯುತ್ತದೆ, ಕೀವು ಎಲುಬಿನವರೆಗೂ ಇಳಿಯುತ್ತದೆ. ಸೆರೆಯಾನೆಗಳ ಸಾವಿಗೆ ಈ ಪಾದರೋಗವು ಒಂದು ಮುಖ್ಯ ಕಾರಣ. ಯುರೋಪಿನ ಮೃಗಾಲಯಗಳಲ್ಲಿ ಹುಟ್ಟಿದ ಏಷ್ಯಾದ ಹೆಣ್ಣಾನೆಗಳ ಮಧ್ಯಮ ಆಯುಷ್ಯ ಸುಮಾರು 19 ವರ್ಷ ಎಂದೂ, ಮ್ಯಾನ್ಮಾರಿನಲ್ಲಿ ಮರ ಎಳೆಯುವ ಆನೆಗಳದು ಸುಮಾರು 42 ವರ್ಷ ಎಂದೂ 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದುಡಿಯುವ ಆನೆಗಿಂತ ಸುಮ್ಮನೆ ನಿಂತ ಆನೆ ಬೇಗ ಸಾಯುತ್ತದೆ!

ನಮ್ಮ ಊರಿಗೆ ದೂರವಲ್ಲದ ಒಂದು ಪ್ರಕರಣವನ್ನು ಓದುಗರು ನೆನಪಿಸಿಕೊಳ್ಳಬಹುದು. ಕೊಲ್ಹಾಪುರ ಜಿಲ್ಲೆಯ ಜೋತಿಬಾ ದೇವಸ್ಥಾನಕ್ಕೆ 2007ರಲ್ಲಿ ಅಲ್ಲಿನ ಶಾಸಕರೊಬ್ಬರು ಸುಂದರ್ ಎಂಬ ಮರಿಯಾನೆಯನ್ನು ದಾನ ಕೊಟ್ಟರು. ಕೊಟ್ಟವರ ಭಕ್ತಿಯನ್ನು ನಾವು ಸಂಶಯಿಸುವುದಿಲ್ಲ. ಆದರೆ ಆ ಆನೆ ಬೆಳೆದದ್ದು ಸರಪಳಿಯಲ್ಲಿ, ಮಾವುತನ ಹೊಡೆತದಲ್ಲಿ. 2012ರ ಆಗಸ್ಟಿನಲ್ಲಿ ಮಹಾರಾಷ್ಟ್ರ ಸರಕಾರವೇ ಅದನ್ನು ಬಿಡುಗಡೆ ಮಾಡಲು ಆದೇಶಿಸಿದರೂ ಆನೆ ಹೋದದ್ದು ಕಾಡಿಗಲ್ಲ, ವಾರಣಾನಗರದ ಹಳೆಯ ಕೋಳಿ ಸಾಕಣೆಯ ಷೆಡ್ಡಿಗೆ. ಪ್ರಾಣಿದಯಾ ಸಂಸ್ಥೆಯಾದ ಪೇಟಾ ಮುಂಬಯಿ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿತು. 2014ರ ಏಪ್ರಿಲ್‌ನಲ್ಲಿ ಉಚ್ಚ ನ್ಯಾಯಾಲಯವೂ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯವೂ ಆನೆಯ ಪರವಾಗಿ ನುಡಿದವು. ಜೂನ್‌ನಲ್ಲಿ ಸುಂದರ್‌ನನ್ನು ಲಾರಿಯಲ್ಲಿ ಬೆಂಗಳೂರಿನ ಬನ್ನೇರುಘಟ್ಟಕ್ಕೆ ತಂದರು. ಅಲ್ಲಿ ಇತರ ಆನೆಗಳಿದ್ದವು, ಮಣ್ಣಿತ್ತು, ನೀರಿತ್ತು. ಕೊಲ್ಹಾಪುರದಿಂದ ಬೆಂಗಳೂರಿಗೆ ಹೋಗುವ ಹೆದ್ದಾರಿ ಧಾರವಾಡ, ಹುಬ್ಬಳ್ಳಿಗಳನ್ನು ಬಳಸಿಯೇ ಸಾಗುತ್ತದೆ. ಅದೇ ದಾರಿಯಲ್ಲಿ ಬಂದಿದ್ದರೆ ನಮ್ಮ ಬೈಪಾಸಿನಲ್ಲೇ ಅವನು ಹಾದುಹೋಗಿರಬೇಕು. ನಮಗಾರಿಗೂ ಅದರ ಸುಳಿವು ಹತ್ತಿರಲಾರದು.

ಅದೇ ಕೊಲ್ಹಾಪುರ ಜಿಲ್ಲೆಯ ನಾಂದಣಿ ಜೈನ ಮಠದ ಮಹಾದೇವಿ ಎಂಬ ಆನೆಯನ್ನು 2025ರ ಜುಲೈನಲ್ಲಿ ನ್ಯಾಯಾಲಯದ ಆದೇಶದಂತೆ ಗುಜರಾತಿನ ವನತಾರಾಕ್ಕೆ ಒಯ್ದಾಗ ಸಾವಿರಾರು ಜನ ಬೀದಿಗಿಳಿದು ಅತ್ತರು. ಆ ಕಣ್ಣೀರು ಸುಳ್ಳಲ್ಲ. ಆನೆಯ ಪಾದದ ಕಾಯಿಲೆಯೂ ಕೀಲುನೋವೂ ಸುಳ್ಳಾಗಿರಲಿಲ್ಲ. ಪ್ರೀತಿಸುವವರಿಂದಲೇ ಪ್ರಾಣಿಗೆ ನೋವಾಗಬಹುದೆಂಬುದನ್ನು ಒಪ್ಪಿಕೊಳ್ಳುವುದು ಎಷ್ಟು ಕಷ್ಟವೆಂಬುದನ್ನು ಆ ದಿನಗಳು ತೋರಿಸಿದವು.

ಅನ್ಯರ ದೇವಸ್ಥಾನ, ಮಠಗಳ ಕಡೆಗೆ ಬೆರಳು ತೋರಿಸಲು ಕಥೋಲಿಕರಾದ ನಮಗೆ ಅಧಿಕಾರವಿದೆಯೇ? ಇಲ್ಲ. ಕೇರಳದ ಕೆಲವು ಚರ್ಚುಗಳ ಹಬ್ಬಗಳಲ್ಲಿಯೂ ಆನೆಗಳನ್ನು ಸಾಲಾಗಿ ನಿಲ್ಲಿಸುವ ರೂಢಿಯಿದೆ. ಇನ್ನೂ ಹಿಂದಕ್ಕೆ ಹೋದರೆ ರೋಮ್ ನಗರಕ್ಕೇ ಹೋಗಬೇಕಾಗುತ್ತದೆ. ಪೋರ್ಚುಗಲ್ಲಿನ ದೊರೆ ಮ್ಯಾನುವೆಲ್ 1514ರಲ್ಲಿ ಹತ್ತನೆಯ ಲಿಯೋ ಪೋಪರಿಗೆ ಭಾರತದಿಂದ ತರಿಸಿದ ಬಿಳಿಯಾನೆಯೊಂದನ್ನು ಕಾಣಿಕೆಯಾಗಿ ಕಳುಹಿಸಿದನು. ಅದರ ಹೆಸರು ಹ್ಯಾನೊ; ವಯಸ್ಸು ನಾಲ್ಕರ ಸುಮಾರು. ಅದು ಪೋಪರ ಎದುರು ಮೂರು ಬಾರಿ ಮಂಡಿಯೂರಿ ನಮಿಸಿತಂತೆ. ರೋಮ್ ಹಿಗ್ಗಿ ನಲಿಯಿತು. ಸಂತ ಪೇತ್ರರ ಮಹಾದೇವಾಲಯದ ಬಳಿಯಲ್ಲೇ ಅದಕ್ಕೆ ಲಾಯ ಕಟ್ಟಿಸಲಾಯಿತು. ಪೋಪರಿಗೆ ಅದರ ಮೇಲೆ ಬಹಳ ಅಕ್ಕರೆ. ಎರಡೇ ವರ್ಷಗಳಲ್ಲಿ ಆನೆ ಕಾಯಿಲೆ ಬಿದ್ದಿತು. ವೈದ್ಯರು ಚಿನ್ನ ಬೆರೆಸಿದ ಭೇದಿಯ ಔಷಧಿ ಕುಡಿಸಿದರು. 1516ರ ಜೂನ್ 8ರಂದು ಅದು ಸತ್ತಿತು. ಪೋಪರು ಸ್ವತಃ ಸಮಾಧಿಲೇಖ ಬರೆದರು, ಮಹಾ ಚಿತ್ರಕಾರ ರಾಫೆಲನು ಅದರ ಚಿತ್ರ ಬರೆದನು. ಅಕ್ಕರೆಗೂ ಚಿನ್ನಕ್ಕೂ ಕೊರತೆಯಿರಲಿಲ್ಲ, ಕೊರತೆಯಿದ್ದದ್ದು ಆನೆ ಎಂದರೇನೆಂಬ ತಿಳಿವಳಿಕೆಗೆ.

ಸೆಮಿನರಿಯಲ್ಲಿ ತತ್ತ್ವಶಾಸ್ತ್ರ ಓದುವಾಗ ಪ್ರಾಣಿಗಳು ಯಂತ್ರಗಳಂತೆ ಎಂದ ಡೇಕಾರ್ಟ್‌ನನ್ನೂ, ಪ್ರಾಣಿಹಿಂಸೆ ಮಾಡುವವನು ಮನುಷ್ಯನನ್ನೂ ಹಿಂಸಿಸಲು ಕಲಿಯುತ್ತಾನೆ ಎಂದು ವಾದಿಸಿದ ಸಂತ ಥಾಮಸ್ ಅಕ್ವಿನಾಸರನ್ನೂ ನಾವು ಬಾಯಿಪಾಠ ಮಾಡಿ ಪರೀಕ್ಷೆಯಲ್ಲಿ ಒಳ್ಳೆಯ ಅಂಕಗಳನ್ನೇ ಪಡೆದೆವು. ಸಂತ ಥಾಮಸರ ವಾದ ದೊಡ್ಡದು. ಆದರೂ ಅದರಲ್ಲಿ ಆನೆ ಇಲ್ಲ, ಇರುವುದು ಮನುಷ್ಯನ ಚಾರಿತ್ರ್ಯವಷ್ಟೇ ಎಂಬ ಕೊರಗು ಆಗಲೇ ಹುಟ್ಟಿತ್ತು. ವಿನಾಕಾರಣ ಪ್ರಾಣಿಗಳನ್ನು ನೋಯಿಸುವುದು ಮಾನವ ಘನತೆಗೆ ವಿರುದ್ಧವೆಂದು ಧರ್ಮಸಭೆಯ ಧರ್ಮೋಪದೇಶ ಗ್ರಂಥವು 2418ನೆಯ ಪರಿಚ್ಛೇದದಲ್ಲಿ ಹೇಳುತ್ತದೆ. 2015ರ 'ಲಾವ್ದಾತೊ ಸಿ' ವಿಶ್ವಪತ್ರದಲ್ಲಿ ಪೋಪ್ ಫ್ರಾನ್ಸಿಸ್ ಒಂದು ಹೆಜ್ಜೆ ಮುಂದೆ ಹೋಗಿ, ನಮ್ಮ ಉಪಯೋಗವನ್ನು ಮೀರಿ ಪ್ರತಿಯೊಂದು ಜೀವಿಗೂ ದೇವರೆದುರು ತನ್ನದೇ ಬೆಲೆಯಿದೆ ಎಂದು ಬೋಧಿಸಿದರು.

ಕಾಯಿದೆಯ ವಿಷಯ. ಮೃಗಾಲಯ, ಸರ್ಕಸ್ಸುಗಳ ಆನೆಗಳನ್ನೆಲ್ಲ ಆನೆ ಶಿಬಿರಗಳಿಗೆ ಕಳುಹಿಸಬೇಕೆಂದು ಕೇಂದ್ರ ಮೃಗಾಲಯ ಪ್ರಾಧಿಕಾರವು 2009ರ ನವೆಂಬರಿನಲ್ಲೇ ತೀರ್ಮಾನಿಸಿತು. ಅದು ಪೂರ್ತಿಯಾಗಿ ಜಾರಿಗೆ ಬರಲಿಲ್ಲ. ಜಿಂಬಾಬ್ವೆಯ ಕಾಣಿಕೆಯಾಗಿ 1998ರಲ್ಲಿ ದೆಹಲಿ ಮೃಗಾಲಯಕ್ಕೆ ಬಂದ ಶಂಕರ್ ಎಂಬ ಆಫ್ರಿಕದ ಆನೆ, ಜೊತೆಗಾತಿ ಸತ್ತ ಮೇಲೆ ವರ್ಷಗಟ್ಟಲೆ ಒಂಟಿಯಾಗಿಯೇ ಇದ್ದು 2025ರ ಸೆಪ್ಟೆಂಬರಿನಲ್ಲಿ ಅಲ್ಲಿಯೇ ತೀರಿಕೊಂಡಿತು. ಇತ್ತ 2022ರ ತಿದ್ದುಪಡಿಯಂತೆ, ಒಡೆತನದ ಪ್ರಮಾಣಪತ್ರವಿದ್ದವರು ಧಾರ್ಮಿಕ ಅಥವಾ ಇನ್ನಾವುದೇ ಉದ್ದೇಶಕ್ಕಾಗಿ ಸಾಕಾನೆಗಳನ್ನು ವರ್ಗಾಯಿಸಬಹುದು. "ಇನ್ನಾವುದೇ" ಎಂಬ ಆ ಒಂದು ಪದ ನಮಗೆ ಭಯ ಹುಟ್ಟಿಸುತ್ತದೆ.

ಆದುದರಿಂದ ನಮ್ಮ ಕುಟುಂಬಗಳಿಗೆ ಕೆಲವು ವಿನಂತಿಗಳು. ಓಣಿಗೆ ಆನೆ ಬಂದಾಗ ಅದರ ಸೊಂಡಿಲಿಗೆ ನಾಣ್ಯ ಇಡಬೇಡಿರಿ. ಆ ನಾಣ್ಯವೇ ಅದನ್ನು ಮರುದಿನವೂ ಕಾದ ಡಾಂಬರಿನ ಮೇಲೆ ನಡೆಸುತ್ತದೆ. ಮದುವೆಯ ಮೆರವಣಿಗೆಗೆ, ಧರ್ಮಕೇಂದ್ರದ ಹಬ್ಬಕ್ಕೆ ಆನೆ ತರಿಸುವ ಮಾತು ಬಂದರೆ ಹಿರಿಯರು ಅಲ್ಲಿಯೇ ತಡೆಯಲಿ, ಬ್ಯಾಂಡು ಸಾಕು. ಮಕ್ಕಳೊಡನೆ ಮೃಗಾಲಯಕ್ಕೆ ಹೋದಾಗ ಆನೆಯ ಪಾದಗಳನ್ನು ನೋಡಿರಿ. ಸರಪಳಿ ಇದೆಯೇ, ನೆಲ ಮಣ್ಣಿನದೇ, ಜೊತೆಗೆ ಇನ್ನೊಂದು ಆನೆ ಇದೆಯೇ? ಇಲ್ಲವಾದರೆ ಅಧಿಕಾರಿಗಳಿಗೆ ಸೌಜನ್ಯದಿಂದ ಒಂದು ಪತ್ರ ಬರೆಯಿರಿ. ಅಲ್ಪ ಸಂಬಳದ ಕಾವಲುಗಾರನನ್ನು ಬೈಯುವುದರಿಂದ ಏನೂ ಸಾಧಿಸಿದಂತಾಗದು. ಅವನೂ ಬಹುಪಾಲು ಅದೇ ಕಟ್ಟೆಗೆ ಕಟ್ಟಿಹಾಕಲ್ಪಟ್ಟವನೇ.

ನಮ್ಮ ಮಕ್ಕಳು ಬರೆದಿದ್ದಾರೆ. ಕುಣಿತವಲ್ಲವೆಂದು ತಿಳಿಸಿ ಹೇಳಿದ ಭಾನುವಾರ ತರಗತಿ ಬಹಳ ಹೊತ್ತು ಮೌನವಾಗಿತ್ತು. ಬಳಿಕ ಅವರೇ ಸೇರಿ ಒಂದೂವರೆ ಪುಟದ ಪತ್ರ ತಯಾರಿಸಿ, ಎಲ್ಲರೂ ಸಹಿ ಹಾಕಿ, ಆ ಮೃಗಾಲಯದ ಅಧಿಕಾರಿಗಳಿಗೆ ಅಂಚೆಗೆ ಹಾಕಿದರು. ಸರಪಳಿ ಬಿಚ್ಚಿರಿ, ಮಣ್ಣು ಹಾಕಿಸಿರಿ, ಜೊತೆ ಕೊಡಿರಿ ಎಂದಷ್ಟೇ ಅದರ ಸಾರ. ಉತ್ತರ ಇನ್ನೂ ಬಂದಿಲ್ಲ. ಮೊದಲು ಕೂಗಿದ ಆ ಹುಡುಗ ಪ್ರತಿ ಭಾನುವಾರ ಪೂಜೆ ಮುಗಿದೊಡನೆ ಬಾಗಿಲಲ್ಲಿ ನಿಂತು ಕೇಳುತ್ತಾನೆ: "ಫಾದರ್, ಪತ್ರ ಬಂತೇನ್ರಿ?"