ಕಪ್ಪು ಕೋಟು ನೇರಳೆಯಾದಾಗ: ಅರ್ಧ ಮಿಲಿಮೀಟರ್ ಗಾಜಿನ ಕತೆ

ಒಂದು ಸಣ್ಣ ಪ್ರಯೋಗ ಮಾಡಿ. ಮನೆಯ ಟಿವಿ ರಿಮೋಟಿನ ತುದಿಯಲ್ಲಿರುವ ಪುಟ್ಟ ಬಲ್ಬನ್ನು ಫೋನಿನ ಸೆಲ್ಫಿ ಕ್ಯಾಮೆರಾಗೆ ತೋರಿಸಿ ಬಟನ್ ಒತ್ತಿ. ಬರಿಗಣ್ಣಿಗೆ ಏನೂ ಕಾಣಲ್ಲ. ಆದರೆ ಎಷ್ಟೋ ಫೋನುಗಳ ಪರದೆಯಲ್ಲಿ ತಿಳಿನೇರಳೆ ಬೆಳಕು ಮಿಣುಕುತ್ತದೆ. ಅದು ಅವಕೆಂಪು ಬೆಳಕು, ಅಂದರೆ ನಾವು ಇನ್‌ಫ್ರಾರೆಡ್ ಅಂತೀವಲ್ಲ, ಅದೇ. ನಮ್ಮ ಕಣ್ಣಿಗೆ ಕಾಣದ ಈ ಬೆಳಕು ಸಿಲಿಕಾನ್ ಸೆನ್ಸರಿಗೆ ಚೆನ್ನಾಗಿಯೇ ಕಾಣುತ್ತದೆ. ಅದಕ್ಕೇ ಕ್ಯಾಮೆರಾ ಕಂಪನಿಗಳು ಸೆನ್ಸರಿನ ಮುಂದೆ ಇದನ್ನು ತಡೆಯುವ ಗಾಜು ಕೂರಿಸುತ್ತವೆ.

2006ರಲ್ಲಿ ಜರ್ಮನಿಯ ಲೈಕಾ ಕಂಪನಿ ಈ ಗಾಜನ್ನು ತುಸು ತೆಳುವಾಗಿಸಿತು. ಆಗಿದ್ದು ಇಷ್ಟೇ. ಅದರ ಪರಿಣಾಮ ಮಾತ್ರ ಚಿಕ್ಕದಾಗಿರಲಿಲ್ಲ.

ಆ ಕ್ಯಾಮೆರಾದ ಹೆಸರು ಎಂ8. ಲೈಕಾದ ಪ್ರಸಿದ್ಧ ಎಂ ಸರಣಿಯ ಮೊದಲ ಡಿಜಿಟಲ್ ಕ್ಯಾಮೆರಾ. 10.3 ಮೆಗಾಪಿಕ್ಸೆಲ್, ಕೊಡಾಕ್ ತಯಾರಿಸಿದ ಸಿಸಿಡಿ ಸೆನ್ಸರ್, ಬೆಲೆ ಅಮೆರಿಕದಲ್ಲಿ ಸುಮಾರು 4,800 ಡಾಲರ್. ಕೊಂಡವರು ಮದುವೆ, ಸಮಾರಂಭಗಳಿಗೆ ಹೋಗಿ ಫೋಟೊ ತೆಗೆದರು. ಮನೆಗೆ ಬಂದು ನೋಡಿದರೆ ಕೆಲವರ ಕಪ್ಪು ಕೋಟು ನೇರಳೆ ಬಣ್ಣಕ್ಕೆ ತಿರುಗಿತ್ತು! ಪಕ್ಕದಲ್ಲೇ ನಿಂತವರ ಕೋಟು ಕಪ್ಪಾಗಿಯೇ ಇತ್ತು. ಹಸಿರು ಎಲೆಗಳಲ್ಲಿ ಹಳದಿ ಛಾಯೆ.

ಕಾರಣ ಸರಳ. ಎಷ್ಟೋ ಕೃತಕ ನೂಲಿನ ಕಪ್ಪು ಬಟ್ಟೆಗಳು ಕಾಣುವ ಬೆಳಕನ್ನೆಲ್ಲ ನುಂಗುತ್ತವೆ, ಅವಕೆಂಪನ್ನು ಮಾತ್ರ ವಾಪಸ್ ಎಸೆಯುತ್ತವೆ. ಎಲೆಗಳೂ ಹಾಗೇ. ಸೆನ್ಸರಿನ ಮೇಲಿರುವ ಕೆಂಪು ಮತ್ತು ನೀಲಿ ಬಣ್ಣದ ಶೋಧಕಗಳ ಮೂಲಕ ಈ ಬೆಳಕು ಹಸಿರಿಗಿಂತ ಹೆಚ್ಚು ಸೋರುತ್ತದೆ. ಕೆಂಪು, ನೀಲಿ ಸೇರಿದರೆ ಮಜೆಂಟಾ. ಹಾಗಾದರೆ ಕಂಪ್ಯೂಟರಿನಲ್ಲಿ ಸರಿ ಮಾಡಿದರಾಯ್ತಲ್ಲ? ಆಗಲ್ಲ. ಪಿಕ್ಸೆಲ್ಲಿನಲ್ಲಿ ದಾಖಲಾದ ಕೆಂಪಿನಲ್ಲಿ ನಿಜವಾದ ಕೆಂಪು ಎಷ್ಟು, ಅವಕೆಂಪು ಎಷ್ಟು ಅಂತ ಬೇರ್ಪಡಿಸುವ ದಾರಿ ಸಾಫ್ಟ್‌ವೇರಿಗೆ ಇಲ್ಲ. ಹಾಲಿಗೆ ನೀರು ಬೆರೆಸಿದ ಮೇಲೆ ಸೋಸಿ ತೆಗೆಯೋಕಾಗುತ್ತಾ?

ಇಷ್ಟು ಗೊತ್ತಿದ್ದೂ ಲೈಕಾ ಯಾಕೆ ಗಾಜು ತೆಳುವಾಗಿಸಿತು? ಇಂಜಿನಿಯರಿಂಗ್ ಓದಿದವನಾಗಿ ನನಗೆ ಇಡೀ ಕತೆಯಲ್ಲಿ ಇಷ್ಟವಾಗುವುದು ಈ ಭಾಗವೇ.

ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ. ಮೇಲಿನ ಪುಟ್ಟ ಕಿಟಕಿಯಲ್ಲಿ ಎರಡು ಬಿಂಬ ಕಾಣುತ್ತವೆ, ಅವು ಒಂದರ ಮೇಲೊಂದು ಕೂತಾಗ ಫೋಕಸ್ ಸರಿಯಾಯಿತು ಅಂತ ಅರ್ಥ. ಎಸ್‌ಎಲ್‌ಆರ್‌ನಲ್ಲಿರುವ ಕನ್ನಡಿ ಇಲ್ಲಿ ಬೇಕಿಲ್ಲ. ಹಾಗಾಗಿ ಲೆನ್ಸನ್ನು ಫಿಲ್ಮಿಗೆ ತೀರಾ ಹತ್ತಿರ ಕೂರಿಸಬಹುದು. ಲೈಕಾ ಎಂ ಕ್ಯಾಮೆರಾದಲ್ಲಿ ಲೆನ್ಸ್ ಕೂರುವ ಬಳೆಯಿಂದ ಫಿಲ್ಮಿಗೆ 27.8 ಮಿಲಿಮೀಟರ್. ನಿಕಾನ್‌ನ ಎಸ್‌ಎಲ್‌ಆರ್‌ಗಳಲ್ಲಿ ಇದು 46.5.

1954ರಿಂದ ಬಂದ ಎಂ ಲೆನ್ಸುಗಳ ವಿನ್ಯಾಸ ನಿಂತಿದ್ದು ಈ ಅನುಕೂಲದ ಮೇಲೆ. ಫಿಲ್ಮಿಗೆ ಬೆಳಕು ನೇರವಾಗಿ ಬಿದ್ದರೂ ಸರಿ, ಓರೆಯಾಗಿ ಬಿದ್ದರೂ ಹೆಚ್ಚೇನೂ ತಕರಾರಿಲ್ಲ. ಸೆನ್ಸರ್ ಹಾಗಲ್ಲ. ಹತ್ತಿರದ ಲೆನ್ಸಿನಿಂದ ಮೂಲೆಗಳಿಗೆ ಹೋಗುವ ಕಿರಣಗಳು ತುಂಬಾ ಓರೆ. ಮುಂದೆ ದಪ್ಪ ಗಾಜಿದ್ದರೆ ಕಿರಣಗಳು ಅದರೊಳಗೆ ಪಕ್ಕಕ್ಕೆ ಸರಿಯುತ್ತವೆ, ಒಂದೇ ಬಿಂದುವಿನಲ್ಲಿ ಸೇರಬೇಕಾದವು ಚದುರುತ್ತವೆ. ಚಿತ್ರದ ಮೂಲೆಗಳು ಮಸಕಾಗುತ್ತವೆ. ಲೈಕಾದ ಲೆನ್ಸಿಗೆ ಜನ ದುಡ್ಡು ಕೊಡೋದೇ ಆ ಮೊನಚಿಗಾಗಿ, ಅಲ್ವಾ?

2004ರಲ್ಲಿ ಬಂದ ಮೊದಲ ಡಿಜಿಟಲ್ ರೇಂಜ್‌ಫೈಂಡರ್, ಎಪ್ಸನ್ ಆರ್‌-ಡಿ1, ಚಿಕ್ಕ ಸೆನ್ಸರ್ ಬಳಸಿ ಈ ತೊಂದರೆಯನ್ನು ಒಂದಷ್ಟು ತಪ್ಪಿಸಿಕೊಂಡಿತ್ತು. ಮೂಲೆಗಳನ್ನೇ ಕತ್ತರಿಸಿದರೆ ಮೂಲೆಯ ಚಿಂತೆ ಕಮ್ಮಿ. ಲೈಕಾ ಅದಕ್ಕಿಂತ ದೊಡ್ಡ ಸೆನ್ಸರ್ ಹಾಕಿತು. ಅಂಚಿನ ಮೈಕ್ರೋಲೆನ್ಸುಗಳನ್ನು ಒಳಕ್ಕೆ ಸರಿಸಿತು, ಗಾಜನ್ನು ಅರ್ಧ ಮಿಲಿಮೀಟರಿಗೆ ಇಳಿಸಿತು. ಮೂಲೆ ಉಳಿಯಿತು, ಬಣ್ಣ ಹೋಯಿತು.

ದೂರುಗಳು ಬಂದ ಮೇಲೆ ಕಂಪನಿ ಪ್ರತಿ ಗ್ರಾಹಕನಿಗೂ ಎರಡು ಫಿಲ್ಟರ್ ಉಚಿತವಾಗಿ ಕೊಟ್ಟಿತು. ಲೆನ್ಸಿನ ಮುಂದೆ ತಿರುಗಿಸಿ ಹಾಕುವ, ಅವಕೆಂಪು ಮತ್ತು ಅತಿನೇರಳೆ ಎರಡನ್ನೂ ತಡೆಯುವ ಫಿಲ್ಟರ್. ಕೋಟು ಮತ್ತೆ ಕಪ್ಪಾಯಿತು. ಆದರೆ ಹೊಸ ತಲೆನೋವು ಶುರುವಾಯಿತು.

ಈ ಫಿಲ್ಟರ್ ಬೆಳಕನ್ನು ಹೀರಿಕೊಳ್ಳುವುದಿಲ್ಲ. ತೆಳು ಲೇಪನದ ಪದರಗಳಿಂದ ಅವಕೆಂಪನ್ನು ಪ್ರತಿಫಲಿಸಿ ಹಿಂದಕ್ಕೆ ಕಳಿಸುತ್ತದೆ. ಇಂಥ ಲೇಪನದ ಸ್ವಭಾವ ಏನೆಂದರೆ, ಬೆಳಕು ಓರೆಯಾಗಿ ಬಿದ್ದಷ್ಟೂ ಅದು ಕತ್ತರಿಸುವ ಗಡಿ ಕಾಣುವ ಕೆಂಪಿನ ಕಡೆಗೆ ಸರಿಯುತ್ತದೆ. ವೈಡ್ ಆಂಗಲ್ ಲೆನ್ಸಿನಲ್ಲಿ ಮೂಲೆಯ ಬೆಳಕು ಓರೆಯಾಗಿಯೇ ಬರುತ್ತದಲ್ಲ, ಹಾಗಾಗಿ ಅಲ್ಲಿ ನಿಜವಾದ ಕೆಂಪೂ ಕತ್ತರಿಸಿ ಹೋಗುತ್ತದೆ. ಮೂಲೆಗಳಲ್ಲಿ ಹಸಿರು ಮಿಶ್ರಿತ ನೀಲಿ ಛಾಯೆ ಉಳಿಯುತ್ತದೆ.

ಅದನ್ನು ಸಾಫ್ಟ್‌ವೇರ್ ತಿದ್ದಬಲ್ಲದು. ಆದರೆ ಯಾವ ಲೆನ್ಸ್ ಹಾಕಿದ್ದೀರಿ ಅಂತ ಕ್ಯಾಮೆರಾಗೆ ಗೊತ್ತಾಗಬೇಕು. ಅದಕ್ಕೆ ಲೆನ್ಸಿನ ಬಳೆಯ ಮೇಲೆ ಕಪ್ಪು-ಬಿಳಿ ಚುಕ್ಕೆಗಳ 6 ಬಿಟ್ ಸಂಕೇತ. ಹಳೆಯ ಲೆನ್ಸುಗಳಲ್ಲಿ ಅದಿರಲಿಲ್ಲ. ದುಡ್ಡು ಕೊಟ್ಟು ಕಂಪನಿಯಿಂದ ಹಾಕಿಸಬೇಕಿತ್ತು. ಕೆಲವರು ಮಾರ್ಕರ್ ಪೆನ್ನಿನಲ್ಲಿ ತಾವೇ ಚುಕ್ಕೆ ಬರೆದುಕೊಂಡರು!

ಜತೆಗೆ ಪ್ರತಿ ಲೆನ್ಸಿಗೂ ಅದರ ಅಳತೆಯ ಫಿಲ್ಟರ್ ಬೇಕು. ಎರಡು ಉಚಿತ, ಮಿಕ್ಕಿದ್ದಕ್ಕೆ ನಿಮ್ಮ ಜೇಬು. ರಾತ್ರಿ ಹೊತ್ತು ಬೀದಿದೀಪದ ಚಿತ್ರ ತೆಗೆದರೆ ಫಿಲ್ಟರಿನಿಂದ ಪ್ರತಿಫಲಿಸಿದ ಭೂತಬಿಂಬಗಳು. ಅದೇ ಲೆನ್ಸನ್ನು ಫಿಲ್ಮ್ ಕ್ಯಾಮೆರಾಗೆ ಹಾಕುವಾಗ ಫಿಲ್ಟರ್ ಬಿಚ್ಚಲು ಮರೆತರೆ ಮತ್ತೆ ನೀಲಿ ಮೂಲೆ. ಕಪ್ಪು-ಬಿಳುಪು ಚಿತ್ರ ತೆಗೆಯುವವರಿಗೆ ಮಾತ್ರ ಈ ದೋಷ ಅಷ್ಟಾಗಿ ಕಾಡಲಿಲ್ಲ. ಅವಕೆಂಪು ಛಾಯಾಗ್ರಹಣದ ಹುಚ್ಚಿದ್ದವರಿಗಂತೂ ಅದೇ ವರವಾಯಿತು.

2009ರಲ್ಲಿ ಬಂದ ಎಂ9 ಪೂರ್ಣ ಅಳತೆಯ ಸೆನ್ಸರ್ ಹೊತ್ತು ತಂದಿತು. ಗಾಜು 0.8 ಮಿಲಿಮೀಟರಿಗೆ ಏರಿತು, ಹೊರಗಿನ ಫಿಲ್ಟರ್ ಬೇಡವಾಯಿತು. ಕತೆ ಮುಗಿಯಿತು ಅಂದುಕೊಳ್ಳಬೇಡಿ. ಅವಕೆಂಪನ್ನು ಚೆನ್ನಾಗಿ ಹೀರುವ ಆ ಗಾಜಿಗೆ ತೇವಾಂಶ ಆಗಿಬರುತ್ತಿರಲಿಲ್ಲ. ಮೇಲಿನ ಲೇಪನಕ್ಕೆ ಹಾನಿಯಾದರೆ ಗಾಜು ಕೊರೆದುಹೋಗಿ ಚಿತ್ರದಲ್ಲಿ ಚುಕ್ಕೆಗಳು ಮೂಡುತ್ತಿದ್ದವು. 2014ರಲ್ಲಿ ಕಂಪನಿ ಉಚಿತವಾಗಿ ಸೆನ್ಸರ್ ಬದಲಿಸಿಕೊಡುವುದಾಗಿ ಒಪ್ಪಿಕೊಂಡಿತು. ಮುಂದೆ ಆ ಸೌಲಭ್ಯವನ್ನೂ ಮೊಟಕುಗೊಳಿಸಿತು.

ಅರ್ಧ ಮಿಲಿಮೀಟರ್ ಗಾಜು ಹಾಕಿದ್ದು ದಡ್ಡತನ ಅಂತ ನನಗೆ ಅನಿಸುವುದಿಲ್ಲ. ಮೂಲೆಯೋ ಬಣ್ಣವೋ ಅಂತ ಆರಿಸಿಕೊಳ್ಳಲೇಬೇಕಿತ್ತು, ಆರಿಸಿಕೊಂಡರು. ಆ ಜಾಗದಲ್ಲಿ ನಾನಿದ್ದರೂ ಬಹುಶಃ ಅದನ್ನೇ ಮಾಡುತ್ತಿದ್ದೆ. ನನ್ನ ತಕರಾರು ಬೇರೆ. ಆ ಆಯ್ಕೆಯ ಬೆಲೆ ಏನು ಅಂತ ಡಬ್ಬಿಯ ಮೇಲೆ ಬರೆದಿರಲಿಲ್ಲ. ಮೊದಲ ದಿನವೇ ಎರಡು ಫಿಲ್ಟರ್ ಜತೆಗಿಟ್ಟು, ‘ಮೂಲೆಯ ಮೊನಚು ಬೇಕಾದ್ದರಿಂದ ಹೀಗೆ ಮಾಡಿದ್ದೇವೆ, ಬಣ್ಣದ ಚಿತ್ರಕ್ಕೆ ಇದನ್ನು ಹಾಕಿಕೊಳ್ಳಿ’ ಅಂದಿದ್ದರೆ ಅದು ವಿನ್ಯಾಸ ಅನ್ನಿಸಿಕೊಳ್ಳುತ್ತಿತ್ತು. ಗ್ರಾಹಕನೇ ಮದುವೆ ಮನೆಯಲ್ಲಿ ಕಂಡುಹಿಡಿದಿದ್ದರಿಂದ ದೋಷ ಅನ್ನಿಸಿಕೊಂಡಿತು.

ಎಂ8 ಇವತ್ತಿಗೂ ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಯಲ್ಲಿ ಕೈ ಬದಲಾಯಿಸುತ್ತಿದೆ. ಕೊಳ್ಳುವ ಆಸೆಯಿದ್ದರೆ ಫಿಲ್ಟರಿನ ಖರ್ಚನ್ನೂ ಸೇರಿಸಿಯೇ ಲೆಕ್ಕ ಹಾಕಿ. ನಿಮ್ಮ ಕಪ್ಪು ಕೋಟನ್ನೂ ಜತೆಗೆ ಒಯ್ದು, ಅಂಗಡಿಯಲ್ಲೇ ಒಂದು ಫೋಟೊ ತೆಗೆದು ನೋಡಿ.