ಮನೆತನದಲ್ಲಿ ಸಾಗಿಬರುವ ಕಾಯಿಲೆಗಳು: ಹಂದಿಗೋಡು ಕಾಯಿಲೆಯ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ಎದುರಾಗುವ ಪ್ರಶ್ನೆಗಳು

ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಗ್ರಾಮ ಪಂಚಾಯತಿ ಸದಸ್ಯರ ಬಳಿಗೆ ಪಿಂಚಣಿಗಾಗಿಯೋ ಮನೆಗಾಗಿಯೋ ಅರ್ಜಿ ಹಿಡಿದು ಬರುವವರಲ್ಲಿ ಊರುಗೋಲು ಊರಿಕೊಂಡು ಬರುವ ಪ್ರಾಯದವರೂ ಇರುತ್ತಾರೆ. ಅವರಲ್ಲಿ ಕೆಲವರ ತಂದೆಯೋ ತಾಯಿಯೋ ಇದೇ ರೀತಿ ನಡೆದವರು. ಅರ್ಜಿಯ ಮಾತು ಮುಗಿದ ಮೇಲೆ ಅವರು ಕೇಳುವ ಪ್ರಶ್ನೆ ಬೇರೆಯೇ: ಇದು ಮಕ್ಕಳಿಗೂ ಬರುವುದೇ? ಈ ಪ್ರಶ್ನೆಗೆ ಅರ್ಧ ತಿಳಿದು ಕೊಡುವ ಉತ್ತರದಿಂದ ಮದುವೆಗಳು ಮುರಿದಿವೆ. ಕೊಡದೆ ಉಳಿದ ಉತ್ತರದಿಂದ ಹಣ ಕಂಡಕಂಡಲ್ಲಿ ಸೋರಿದೆ. ಆದ್ದರಿಂದ ಸದಸ್ಯರು ವಿಷಯವನ್ನು ಸ್ಪಷ್ಟವಾಗಿ ಅರಿತಿರುವುದು ಅವಶ್ಯ.

ಹಂದಿಗೋಡು ಸಾಗರ ತಾಲ್ಲೂಕಿನ ಒಂದು ಗ್ರಾಮ. 1974-75ರ ಸುಮಾರಿಗೆ ಅಲ್ಲಿಯ ಕೃಷಿ ಕಾರ್ಮಿಕ ಕುಟುಂಬಗಳಲ್ಲಿ ಸೊಂಟ ಮತ್ತು ಮಂಡಿಯ ತೀವ್ರ ನೋವಿನಿಂದ ನಡೆಯಲಾಗದವರು ಹಲವರಿರುವುದು ಹೊರಜಗತ್ತಿನ ಗಮನಕ್ಕೆ ಬಂದಿತು. ಅದೇ ಬಗೆಯ ರೋಗಿಗಳು ಜಿಲ್ಲೆಯ ಇತರ ಗ್ರಾಮಗಳಲ್ಲಿಯೂ ನೆರೆಯ ಚಿಕ್ಕಮಗಳೂರು ಜಿಲ್ಲೆಯಲ್ಲಿಯೂ ಕಂಡುಬಂದರು. ಆದರೂ ಮೊದಲು ಗುರುತಿಸಿದ ಊರಿನ ಹೆಸರೇ ಕಾಯಿಲೆಗೆ ಅಂಟಿಕೊಂಡಿತು. ಆ ಊರಿನ ನೀರು, ಮಣ್ಣು, ಗಾಳಿಗೂ ಕಾಯಿಲೆಗೂ ಸಂಬಂಧವಿಲ್ಲ. ಹಂದಿಗೋಡಿನವರು ಎಂಬ ಮಾತ್ರಕ್ಕೆ ಯಾರನ್ನೂ ಸಂಶಯದಿಂದ ನೋಡಲು ಆಧಾರವಿಲ್ಲ.

ಆರಂಭದಲ್ಲಿ ಹಬ್ಬಿದ ವಿವರಣೆ ಏಡಿಯದು. ಭತ್ತದ ಗದ್ದೆಗೆ ಸಿಂಪಡಿಸಿದ ಕೀಟನಾಶಕ ಏಡಿಯ ಮೈ ಸೇರುತ್ತದೆ, ಗದ್ದೆಯ ಏಡಿ ಹಿಡಿದು ತಿನ್ನುವ ಬಡವರಿಗೆ ಅದರಿಂದ ಕೀಲು ಕೆಡುತ್ತದೆ ಎಂದು ನಂಬಲಾಯಿತು. ಆಗ ಮಲೆನಾಡಿನ ಗದ್ದೆಗಳಿಗೆ ಕೀಟನಾಶಕಗಳು ಹೊಸದಾಗಿ ಬರುತ್ತಿದ್ದುದರಿಂದ ಈ ಊಹೆ ಅಸಂಬದ್ಧವಾಗಿಯೇನೂ ಇರಲಿಲ್ಲ. ಆದರೆ ಅದೇ ಗದ್ದೆಯ ಏಡಿ ತಿಂದು ಆರೋಗ್ಯವಾಗಿದ್ದವರು ಅನೇಕರಿದ್ದರು. ಕಾಯಿಲೆ ಮನೆಯಿಂದ ಪಕ್ಕದ ಮನೆಗೆ ಹಬ್ಬದೆ, ರಕ್ತಸಂಬಂಧದ ದಾರಿ ಹಿಡಿದು ತಲೆಮಾರಿನಿಂದ ತಲೆಮಾರಿಗೆ ಸಾಗುತ್ತಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ತಜ್ಞರು 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೇ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು. 1990ರ ದಶಕದಲ್ಲಿ, ಲಕ್ನೋದ ಸಂಜಯ ಗಾಂಧಿ ಸ್ನಾತಕೋತ್ತರ ವೈದ್ಯಕೀಯ ವಿಜ್ಞಾನ ಸಂಸ್ಥೆಯ ತಜ್ಞರೂ ಸೇರಿದ್ದ ತಂಡವು ಎಕ್ಸ್-ರೇ ಮತ್ತು ವಂಶವೃಕ್ಷಗಳ ಪರಿಶೀಲನೆಯಿಂದ, ಇದು ಮೂಳೆಯ ತುದಿ ಹಾಗೂ ಬೆನ್ನೆಲುಬಿನ ಬೆಳವಣಿಗೆಯನ್ನು ಕುಂದಿಸುವ ಆನುವಂಶಿಕ ಕಾಯಿಲೆ ಎಂದು ನಿರೂಪಿಸಿತು. ಏಡಿಯ ಕಥೆ ಇಂದಿಗೂ ಕೇಳಿಬರುತ್ತದೆ. ಅದನ್ನು ನಂಬಿದವರು ಏಡಿ ತಿನ್ನುವುದನ್ನು ಬಿಟ್ಟರೆ ಮಕ್ಕಳು ಪಾರಾದರೆಂದು ತಿಳಿದು ಕಾಲಕ್ಕೆ ಸರಿಯಾಗಿ ತಪಾಸಣೆ ಮಾಡಿಸುವುದಿಲ್ಲ. ಹಾನಿ ಇರುವುದು ಅಲ್ಲಿ.

ಕಾಯಿಲೆ ಎಲ್ಲರಲ್ಲಿಯೂ ಒಂದೇ ರೂಪದಲ್ಲಿ ಕಾಣದು. ಕೆಲವರು ಸಾಮಾನ್ಯ ಎತ್ತರಕ್ಕೆ ಬೆಳೆದಿದ್ದು ಸೊಂಟದ ಕೀಲು ಮಾತ್ರ ಸವೆದಿರುತ್ತದೆ. ಕೆಲವರಲ್ಲಿ ಬೆನ್ನೆಲುಬೂ ಬಾಧಿತವಾಗಿ ಮುಂಡ ಗಿಡ್ಡವಾಗಿರುತ್ತದೆ. ಇನ್ನು ಕೆಲವರು ಕುಬ್ಜರಾಗಿಯೇ ಉಳಿಯುತ್ತಾರೆ. ಅವರ ಮಂಡಿ, ಕೈಗಳ ಮೂಳೆಗಳಲ್ಲಿಯೂ ವಿಕಾರವಿರುತ್ತದೆ. ನೋಡಲು ದೃಢಕಾಯನಾದ ಮನುಷ್ಯ ನಾಟಿ ಗದ್ದೆಯಲ್ಲಿ ಬಗ್ಗಲಾರೆ ಎಂದಾಗ ಅದನ್ನು ಮೈಗಳ್ಳತನವೆಂದು ತಿಳಿಯಬಾರದು.

ಇನ್ನು ಮಕ್ಕಳ ಪ್ರಶ್ನೆ. ದೇಹದ ಪ್ರತಿಯೊಂದು ಲಕ್ಷಣಕ್ಕೂ ತಂದೆಯಿಂದ ಒಂದು, ತಾಯಿಯಿಂದ ಒಂದು ಹೀಗೆ ಎರಡು ವಂಶವಾಹಿ ಪ್ರತಿಗಳು ಮಗುವಿಗೆ ದೊರೆಯುತ್ತವೆ. ಹಂದಿಗೋಡು ಕಾಯಿಲೆಯಲ್ಲಿ ಎರಡರಲ್ಲಿ ಒಂದು ಪ್ರತಿ ದೋಷಯುಕ್ತವಾಗಿದ್ದರೂ ಸಾಕು, ಕಾಯಿಲೆ ಪ್ರಕಟವಾಗುತ್ತದೆ. ಇದನ್ನು ಪ್ರಬಲ ಆನುವಂಶಿಕತೆ ಎನ್ನುವರು. ತಂದೆ ತಾಯಿಯರಲ್ಲಿ ಒಬ್ಬರಿಗೆ ಕಾಯಿಲೆ ಇದ್ದರೆ ಪ್ರತಿ ಮಗುವಿಗೂ ಅದು ಬರುವ ಸಾಧ್ಯತೆ ಅರ್ಧ, ಬಾರದಿರುವ ಸಾಧ್ಯತೆಯೂ ಅರ್ಧ. ಗಂಡು ಹೆಣ್ಣೆಂಬ ಭೇದವಿಲ್ಲ. ಮೊದಲ ಮಗುವಿಗೆ ಬಂದಿದೆ, ಆದ್ದರಿಂದ ಎರಡನೆಯದು ಪಾರಾಗುತ್ತದೆ ಎಂಬ ಲೆಕ್ಕ ತಪ್ಪು. ಪ್ರತಿ ಗರ್ಭಕ್ಕೂ ನಾಣ್ಯ ಹೊಸದಾಗಿ ಚಿಮ್ಮುತ್ತದೆ. ನಾಲ್ಕು ಮಕ್ಕಳಲ್ಲಿ ನಾಲ್ವರಿಗೂ ಬರಬಹುದು, ಒಬ್ಬರಿಗೂ ಬಾರದಿರಬಹುದು. ಬಂದಾಗ ಸೊಸೆಯನ್ನು ದೂರುವುದು ಹಲವು ಮನೆಗಳ ರೂಢಿ. ದೋಷಯುಕ್ತ ಪ್ರತಿ ತಂದೆಯಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ.

ಇದರ ಇನ್ನೊಂದು ಮುಖವನ್ನು ಸದಸ್ಯರು ಊರಿನಲ್ಲಿ ಹೇಳಲೇಬೇಕು. ಬಾಧಿತ ಮನೆತನದಲ್ಲಿ ಹುಟ್ಟಿಯೂ ದೋಷಯುಕ್ತ ಪ್ರತಿಯನ್ನು ಪಡೆಯದ ವ್ಯಕ್ತಿ ಅದನ್ನು ತನ್ನ ಮಕ್ಕಳಿಗೆ ದಾಟಿಸಲಾರ, ಇಲ್ಲದ್ದನ್ನು ಕೊಡುವುದೆಂತು? ಆದರೂ ಅಣ್ಣನಿಗೆ ಕಾಯಿಲೆ ಇದೆಯೆಂದು ಆರೋಗ್ಯವಂತ ತಂಗಿಯ ಸಂಬಂಧ ತಪ್ಪುತ್ತದೆ. ಇಲ್ಲಿ ಒಂದು ಎಚ್ಚರಿಕೆಯೂ ಅಗತ್ಯ. ನೋವು ಕೆಲವರಲ್ಲಿ ಬಾಲ್ಯದಲ್ಲಿ, ಕೆಲವರಲ್ಲಿ ಪ್ರಾಯಕ್ಕೆ ಬಂದ ಮೇಲೆ ಕಾಣಿಸಿಕೊಳ್ಳುತ್ತದೆ. ಎಳೆಯ ವಯಸ್ಸಿನಲ್ಲಿ ನೋವಿಲ್ಲ ಎಂದಮಾತ್ರಕ್ಕೆ ಕಾಯಿಲೆ ಇಲ್ಲವೆಂದು ಯಾರೂ ಘೋಷಿಸಬಾರದು. ಎಕ್ಸ್-ರೇ ನೋಡಿ ತಜ್ಞ ವೈದ್ಯರು ಹೇಳಬೇಕಾದ ಮಾತು ಅದು.

ಒಳಸಂಬಂಧದ ಮದುವೆಯೇ ಕಾರಣವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಇದರಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಥಲಸ್ಸೇಮಿಯಾ, ಕುಡಗೋಲು ಕಣ ರಕ್ತಹೀನತೆಯಂತಹ ಕಾಯಿಲೆಗಳು ಮಗುವಿನಲ್ಲಿ ಕಾಣಿಸಿಕೊಳ್ಳಲು ತಂದೆ ತಾಯಿ ಇಬ್ಬರಿಂದಲೂ ದೋಷಯುಕ್ತ ಪ್ರತಿ ಬರಬೇಕು. ಇಬ್ಬರೂ ಆರೋಗ್ಯವಂತ ವಾಹಕರಾಗಿದ್ದರೆ ಪ್ರತಿ ಮಗುವಿಗೂ ಅಪಾಯ ನಾಲ್ಕರಲ್ಲಿ ಒಂದು. ಸೋದರಮಾವನ ಮಗಳನ್ನೋ ಅಕ್ಕನ ಮಗಳನ್ನೋ ತಂದುಕೊಂಡಾಗ ಇಬ್ಬರಲ್ಲಿಯೂ ಒಂದೇ ದೋಷವಿರುವ ಸಂಭವ ಹೆಚ್ಚುತ್ತದೆ. ಆದ್ದರಿಂದ ಅಲ್ಲಿ ಒಳಸಂಬಂಧ ನಿಜಕ್ಕೂ ಅಪಾಯ. ಹಿಮೋಫಿಲಿಯಾದ ದಾರಿ ಮತ್ತೊಂದು: ಸಾಮಾನ್ಯವಾಗಿ ತಾಯಿ ವಾಹಕಳು, ಬಾಧೆ ಗಂಡುಮಕ್ಕಳಿಗೆ. ಹಂದಿಗೋಡು ಕಾಯಿಲೆಯಲ್ಲಾದರೋ ಒಬ್ಬರಿಂದ ಬಂದರೆ ಸಾಕು. ಬಾಧಿತ ವ್ಯಕ್ತಿ ಎಷ್ಟು ದೂರದ ಸಂಬಂಧ ಮಾಡಿದರೂ ಮಕ್ಕಳ ಅಪಾಯ ಅರ್ಧಕ್ಕಿಂತ ಇಳಿಯುವುದಿಲ್ಲ. ಬಾಧಿತರಿಬ್ಬರು ಮದುವೆಯಾದರೆ ಅದು ನಾಲ್ಕರಲ್ಲಿ ಮೂರಕ್ಕೆ ಏರುತ್ತದೆ. ಪರಿಶಿಷ್ಟ ಜಾತಿಯ ಒಂದೆರಡು ಚಿಕ್ಕ ಸಮುದಾಯಗಳಲ್ಲಿ ಕಾಯಿಲೆ ಉಳಿದುಬಂದದ್ದಕ್ಕೆ ಕಾರಣ, ತಮ್ಮೊಳಗೇ ಮದುವೆಯಾಗುತ್ತ ಬಂದ ಅವುಗಳ ಮಿತಿ. ಜಾತಿಗೂ ಮೂಳೆಗೂ ಬೇರೆ ನಂಟಿಲ್ಲ. ದಕ್ಷಿಣ ಆಫ್ರಿಕದ ಮ್ಸೆಲೆನಿ ಎಂಬಲ್ಲಿಯೂ ಇದನ್ನು ಹೋಲುವ ಕೀಲು ಕಾಯಿಲೆ ಇದೆ.

ಒಂದೇ ಮನೆಯ ಹಲವರಿಗೆ ಬಂದದ್ದೆಲ್ಲ ಆನುವಂಶಿಕವಲ್ಲ. ಮಂಗನ ಕಾಯಿಲೆಯನ್ನೇ ನೋಡಬಹುದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಅದು ಉಣುಗಿನ ಕಡಿತದಿಂದ ಬರುವ ವೈರಾಣು ರೋಗ. ಒಂದೇ ಮನೆಯವರು ಒಂದೇ ಕಾಡಿಗೆ ದರಕು, ಸೌದೆಗೆ ಹೋಗುವುದರಿಂದ ಒಟ್ಟಿಗೆ ಬೀಳುತ್ತಾರೆ. ಹಂದಿಗೋಡು ಕಾಯಿಲೆ ಅಂಟುವುದಿಲ್ಲ; ಬಾಧಿತರ ಮನೆಯಲ್ಲಿ ಉಂಡರೂ, ಒಂದೇ ಬಾವಿಯ ನೀರು ಸೇದಿದರೂ ಬಾರದು. ನಾಗದೋಷಕ್ಕೂ ಮಾಟಕ್ಕೂ ಸಂಬಂಧವಿಲ್ಲ.

ಗುಣವಾಗುವುದೇ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವುದೇ ಲೇಸು. ಮೂಳೆಯ ಮೂಲದೋಷವನ್ನು ಸರಿಪಡಿಸುವ ಔಷಧವಿಲ್ಲ. ಹಾಗೆಂದು ಮಾಡಬಹುದಾದದ್ದು ಏನೂ ಇಲ್ಲವೆಂದಲ್ಲ. ವ್ಯಾಯಾಮ ಚಿಕಿತ್ಸೆ, ತೂಕದ ಹತೋಟಿ, ಸೂಕ್ತ ಊರುಗೋಲು ಕೀಲಿನ ಭಾರವನ್ನು ತಗ್ಗಿಸುತ್ತವೆ. ತೀರ ಸವೆದ ಸೊಂಟದ ಕೀಲನ್ನು ಶಸ್ತ್ರಚಿಕಿತ್ಸೆಯಿಂದ ಬದಲಿಸಬಹುದು. ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ತಾವೇ ಕೊಂಡು ನುಂಗಿದರೆ ಹೊಟ್ಟೆ ಮತ್ತು ಮೂತ್ರಪಿಂಡ ಕೆಡುತ್ತವೆ. ಹೆಸರಿಲ್ಲದ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸಿರುವ ಸಂಭವವಿದ್ದು, ತತ್ಕಾಲದ ಉಪಶಮನ ಮುಂದೆ ಮೂಳೆಯನ್ನೇ ಟೊಳ್ಳು ಮಾಡುತ್ತದೆ. ಅಂಗನವಾಡಿ ಮತ್ತು ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು 18 ವರ್ಷದವರೆಗಿನ ಮಕ್ಕಳನ್ನು ಪರೀಕ್ಷಿಸುತ್ತದೆ. ಬಾಧಿತ ಕುಟುಂಬದ ಮಕ್ಕಳು ಆ ದಿನ ತಪ್ಪದೆ ಹಾಜರಿರುವಂತೆ ನೋಡಿಕೊಳ್ಳುವುದು ಸದಸ್ಯರಿಗೆ ಕಷ್ಟದ ಕೆಲಸವಲ್ಲ. ಮದುವೆಗೆ ಅಥವಾ ಗರ್ಭಧಾರಣೆಗೆ ಮುನ್ನ ಸಲಹೆ ಬಯಸುವ ದಂಪತಿಗಳನ್ನು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ವೈದ್ಯರ ಮೂಲಕ ಮಣಿಪಾಲ ಅಥವಾ ಬೆಂಗಳೂರಿನ ಆನುವಂಶಿಕ ರೋಗ ತಜ್ಞರ ಬಳಿಗೆ ಕಳುಹಿಸಬಹುದು. ಮಕ್ಕಳನ್ನು ಪಡೆಯಬೇಕೋ ಬೇಡವೋ ಎಂಬ ನಿರ್ಧಾರ ದಂಪತಿಗಳದು. ಪಂಚಾಯತಿಯದೂ ಅಲ್ಲ, ಊರಿನ ಹಿರಿಯರದೂ ಅಲ್ಲ.

ಪಂಚಾಯತಿಯ ಕೈಯಲ್ಲಿರುವ ವಿಷಯಗಳೇ ಬೇರೆ. 2016ರ ವಿಕಲಚೇತನರ ಹಕ್ಕುಗಳ ಅಧಿನಿಯಮವು 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಚಲನ ವೈಕಲ್ಯದೊಂದಿಗೆ ಕುಬ್ಜತೆಯೂ ಅದರಲ್ಲಿದೆ. ವಯಸ್ಕರ ಎತ್ತರ 147 ಸೆಂಟಿಮೀಟರ್ ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಅದು ಅನ್ವಯವಾಗುತ್ತದೆ. ಶೇ. 40ಕ್ಕೆ ಕಡಿಮೆಯಿಲ್ಲದ ವೈಕಲ್ಯವೆಂದು ಪ್ರಮಾಣಪತ್ರ ದೊರೆತವರಿಗೆ ವಸತಿ ಮತ್ತು ಬಡತನ ನಿವಾರಣಾ ಯೋಜನೆಗಳಲ್ಲಿ ಶೇ. 5 ಮೀಸಲಿದೆ. ಗ್ರಾಮ ಪಂಚಾಯತಿಯ ಸ್ವಂತ ಸಂಪನ್ಮೂಲದಲ್ಲಿ ವಿಕಲಚೇತನರಿಗಾಗಿ ತೆಗೆದಿಡುವ ಶೇ. 5ರ ಮೊತ್ತ ವರ್ಷಾಂತ್ಯಕ್ಕೆ ಖರ್ಚು ತೋರಿಸುವ ಬಾಬ್ತಾಗದೆ, ಮನೆಯ ಮೆಟ್ಟಿಲ ಬದಲು ಇಳಿಜಾರು, ಕಾಲು ಮಡಚದೆ ಕೂರಬಹುದಾದ ಶೌಚಾಲಯದಂತಹ ಕೆಲಸಗಳಿಗೆ ಸಲ್ಲಬಹುದು. ಉದ್ಯೋಗ ಖಾತ್ರಿಯ ಕಾಮಗಾರಿಯಲ್ಲಿ ನೀರು ಕೊಡುವ, ಮಕ್ಕಳನ್ನು ನೋಡಿಕೊಳ್ಳುವ ಹಗುರ ಕೆಲಸ ನೀಡಿ ಸಮಾನ ಕೂಲಿ ಕೊಡಬೇಕು. ವಿಕಲಚೇತನರನ್ನು ಸಾರ್ವಜನಿಕವಾಗಿ ಉದ್ದೇಶಪೂರ್ವಕ ಅವಮಾನಿಸಿದರೆ ಅದೇ ಅಧಿನಿಯಮದ 92ನೇ ಪ್ರಕರಣದಂತೆ ಆರು ತಿಂಗಳಿಂದ ಐದು ವರ್ಷಗಳವರೆಗೆ ಶಿಕ್ಷೆ ಇದೆ.

ಅವಮಾನ ಕೆಲವೊಮ್ಮೆ ಸದುದ್ದೇಶದಿಂದಲೇ ಆಗುತ್ತದೆ. ಗ್ರಾಮಸಭೆಯಲ್ಲಿ ಬಾಧಿತರ ಪಟ್ಟಿಯನ್ನು ಕಾಯಿಲೆಯ ಹೆಸರಿನೊಂದಿಗೆ ಗಟ್ಟಿಯಾಗಿ ಓದಿದರೆ ಆ ಮನೆಗಳ ಮದುವೆಯ ಮಾತು ಅಲ್ಲಿಗೇ ನಿಲ್ಲುತ್ತದೆ. ಫಲಾನುಭವಿಯೆಂದು ಹೆಸರಿಸಿದರೆ ಸಾಕು, ರೋಗದ ಹೆಸರು ಬೇಕಿಲ್ಲ. ಗುರುತಿನ ಚೀಟಿಗೆ ಅರ್ಜಿ ತುಂಬಿಸಲು ಪಂಚಾಯತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು ಮನೆಗೆ ಹೋಗಬೇಕು. ಸಾಗರದಿಂದ ಶಿವಮೊಗ್ಗ ಸುಮಾರು 70 ಕಿಲೋಮೀಟರ್. ಸವೆದ ಸೊಂಟದವರಿಗೆ ಬಸ್ಸಿನಲ್ಲಿ ನಿಂತು ಹೋಗಿಬರುವುದು ಆಗದ ಮಾತಾದ್ದರಿಂದ, ತಪಾಸಣೆಯ ದಿನ ನಾಲ್ಕಾರು ಜನರನ್ನು ಒಟ್ಟುಗೂಡಿಸಿ ವಾಹನದ ಏರ್ಪಾಡು ಮಾಡಿ, ಹಿಂದಿನ ಎಕ್ಸ್-ರೇ ಹಾಳೆಗಳನ್ನು ಜೊತೆಗಿಟ್ಟು ಕಳುಹಿಸತಕ್ಕದ್ದು.