ವ್ಯಾಸಪೀಠದ ಮೇಲಿನ ಟ್ಯಾಬ್

ನಾನು ಪುಣೆಗೆ ಬಂದು ಹದಿನಾರು ವರ್ಷವಾಯಿತು. ಹಿಂಜವಡಿಯ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ, ಕೊಥ್ರೂಡಿನಲ್ಲಿ ಮನೆ. ಅಪ್ಪ ತೀರಿಕೊಂಡ ಮೇಲೆ, 2022ರಲ್ಲಿ, ಅವ್ವನನ್ನು ಗದಗದಿಂದ ಇಲ್ಲಿಗೆ ಕರೆತಂದೆವು. ಆಕೆ ತಂದದ್ದು ಎರಡು ಟ್ರಂಕು ಮತ್ತು ಪುರಾಣ ಓದುವ ಕಟ್ಟಿಗೆಯ ವ್ಯಾಸಪೀಠ. ತರಲಾಗದೆ ಬಿಟ್ಟು ಬಂದದ್ದು ಬೆಳಗಿನ ಪೇಪರ್.

ಗದಗಿನ ಮನೆಯಲ್ಲಿ ಪೇಪರ್ ಮೊದಲು ಅವ್ವನ ಕೈಗೇ ಹೋಗಬೇಕಿತ್ತು. ಏಳನೆಯ ಇಯತ್ತೆ ಓದಿದ ಆಕೆ ಜಿಲ್ಲಾ ಪುಟದಿಂದ ಶುರು ಮಾಡುತ್ತಿದ್ದಳು. ಎಪಿಎಂಸಿ ಧಾರಣೆ, ನಿಧನ ವಾರ್ತೆ, ಜಾತ್ರೆ, ಆಮೇಲೆ ಪ್ರಧಾನಿ, ಮುಖ್ಯಮಂತ್ರಿ. ಪುಣೆಗೆ ಬಂದ ಮೇಲೆ ನಾನು ಸ್ವಾರಗೇಟ್ ಕಡೆ ಹೋದಾಗ ಸಿಕ್ಕರೆ ಒಂದು ಕನ್ನಡ ಪೇಪರ್ ತರುತ್ತಿದ್ದೆ. ಅದು ಬೆಳಗಾವಿ ಆವೃತ್ತಿ. ಗದಗಿನ ಪುಟ ಅದರಲ್ಲಿ ಇರುತ್ತಿರಲಿಲ್ಲ. ಅವ್ವ ಏನೂ ಅನ್ನಲಿಲ್ಲ. ನಾನೂ ಅದನ್ನು ದೊಡ್ಡದು ಮಾಡಲಿಲ್ಲ.

ಮರುವರ್ಷ ಗಣೇಶ ಹಬ್ಬದ ಹೊತ್ತಿಗೆ ಊರಿನಿಂದ ಫೋನ್ ಬಂತು. ಮಾತಿನ ನಡುವೆ ಯಾರೋ ಸಹಜವಾಗಿ, ಅವ್ವನ ಶಾಲೆಯ ಗೆಳತಿ ಹೋದ ವಿಷಯ ಎತ್ತಿದರು. ಅವ್ವ ಫೋನ್ ಇಟ್ಟು ಸುಮ್ಮನೆ ಕುಳಿತಳು. ಆಮೇಲೆ ಹೇಳಿದಳು: ‘ಅಕಿ ಹೋಗಿ ಹನ್ನೆರಡು ದಿನಾ ಆತಂತ. ನಂಗ್ಯಾರೂ ಹೇಳಲಿಲ್ಲ. ಊರಾಗಿದ್ದಿದ್ರ ಪೇಪರ್‌ನ್ಯಾಗ ನಾನ ನೋಡಿರ್ತಿದ್ದೆ.’

ಟ್ಯಾಬ್ ಕೊಳ್ಳುವ ವಿಚಾರ ಬಂದದ್ದು ಆ ರಾತ್ರಿ. ಫೋನಿನಲ್ಲಿ ಇ-ಪೇಪರ್ ತೋರಿಸಲು ಹಿಂದೆಯೂ ನೋಡಿದ್ದೆ. ಆಕೆ ‘ಇರುವಿ ಓದಿಧಂಗ ಆಗ್ತೈತಿ’ ಎಂದು ವಾಪಸ್ ಕೊಟ್ಟಿದ್ದಳು.

ದೀಪಾವಳಿ ಹತ್ತಿರ ಬಂದಿತ್ತು. ಆ 2023ರಲ್ಲಿ ನಮ್ಮಂಥ ಮಧ್ಯಮ ಬಜೆಟ್ಟಿನವರ ಮುಂದೆ ಮುಖ್ಯವಾಗಿ ಮೂರು ಹೆಸರಿದ್ದವು: ಜೂನ್‌ನಲ್ಲಿ ಬಂದಿದ್ದ ಶಿಯೋಮಿ ಪ್ಯಾಡ್ 6, ಅಕ್ಟೋಬರ್‌ನಲ್ಲಿ ಬಂದ ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಪ್ಲಸ್ ಮತ್ತು ಒನ್‌ಪ್ಲಸ್ ಪ್ಯಾಡ್ ಗೋ. ಬೆಲೆ ಸುಮಾರು 20ರಿಂದ 27 ಸಾವಿರ ರೂಪಾಯಿಯೊಳಗೆ. ರಿವ್ಯೂಗಳನ್ನು ಒಂದಾದ ಮೇಲೊಂದು ನೋಡಿದೆ. ಒಂದರ ಪರದೆ ಸೆಕೆಂಡಿಗೆ 144 ಸಲ ಬದಲಾಗುತ್ತದೆ, ಇನ್ನೊಂದರದು 90 ಸಲ. ಒಂದರ ಪ್ರೊಸೆಸರ್ ಗೇಮ್‌ಗೆ ಒಳ್ಳೆಯದು, ಇನ್ನೊಂದರದು ಸಾಧಾರಣ. ನಾಲ್ಕು ಸ್ಪೀಕರ್, ಡಾಲ್ಬಿ, ಕೀಬೋರ್ಡು. ಎಪ್ಪತ್ತನಾಲ್ಕು ವರ್ಷದ ಹೆಣ್ಣುಮಗಳೊಬ್ಬಳು ಕನ್ನಡ ಪೇಪರ್ ಓದಲು ಇವುಗಳಲ್ಲಿ ಯಾವುದು ಆದೀತು ಎಂದು ನಾನು ನೋಡಿದ ಯಾವ ರಿವ್ಯೂನಲ್ಲೂ ಇರಲಿಲ್ಲ. ಅದನ್ನು ನಾನೇ ಲೆಕ್ಕ ಹಾಕಬೇಕಾಯಿತು.

ಮನೆಯಲ್ಲಿದ್ದ ಹಳೆಯ ಪೇಪರಿನ ಮೇಲೆ ಅಳತೆಪಟ್ಟಿ ಇಟ್ಟೆ. ಒಂದು ಪುಟದ ಅಗಲ 33 ಸೆಂಟಿಮೀಟರ್. 11 ಇಂಚಿನ, 16:10 ಆಕಾರದ ಟ್ಯಾಬನ್ನು ಉದ್ದಕ್ಕೆ ಹಿಡಿದರೆ ಪರದೆಯ ಅಗಲ 15 ಸೆಂಟಿಮೀಟರಿಗೂ ತುಸು ಕಡಿಮೆ. ಅಂದರೆ ಇಡೀ ಪುಟ ಒಮ್ಮೆಗೇ ಕಾಣಿಸಿದರೆ ಅಕ್ಷರಗಳು ಅಚ್ಚಿನ ಅರ್ಧಕ್ಕಿಂತ ಚಿಕ್ಕದಾಗುತ್ತವೆ. ಕನ್ನಡಕ ಹಾಕಿದರೂ ತಲೆಬರಹ ಬಿಟ್ಟು ಬೇರೇನೂ ಓದಲಾಗದು.

ಇನ್ನೊಂದು ಲೆಕ್ಕ ಚುಕ್ಕಿಗಳದ್ದು. ಪರದೆಯ ಮೇಲೆ ಅಡ್ಡಕ್ಕೆ 1200 ಚುಕ್ಕಿಗಳಿವೆ ಎಂದುಕೊಳ್ಳಿ. ಎಂಟು ಕಾಲಮ್ಮಿನ ಪುಟವನ್ನು ಅದರಲ್ಲಿ ತುಂಬಿದರೆ ಒಂದು ಕಾಲಮ್ಮಿಗೆ ಸಿಗುವುದು 150. ಸಾಲಿಗೆ ಹದಿನೈದು-ಇಪ್ಪತ್ತು ಅಕ್ಷರವಿದ್ದರೆ ಒಂದೊಂದಕ್ಕೆ ಎಂಟು-ಹತ್ತು ಚುಕ್ಕಿ. ಇಂಗ್ಲಿಷಿನ ಒಂಟಿ ಅಕ್ಷರ ಇಷ್ಟರಲ್ಲಿ ಹೇಗೋ ಗುರುತು ಸಿಗುತ್ತದೆ. ನಮ್ಮ ಒತ್ತಕ್ಷರದ ಕಥೆ ಬೇರೆ. ‘ರಾಷ್ಟ್ರ’ದ ಕೊನೆಯ ಅಕ್ಷರಕ್ಕೆ ಮೇಲೊಂದು, ಕೆಳಗೊಂದು, ಪಕ್ಕದಲ್ಲೊಂದು ಬೇಕು. ಚುಕ್ಕಿ ಸಾಲದಿದ್ದರೆ ಅದು ಮಸಿಯ ಕಲೆಯಂತೆ ಕಾಣುತ್ತದೆ. ಹಾಗಾಗಿ ಕನ್ನಡ ಓದುವವರಿಗೆ ಪರದೆಯ ರೆಸೊಲ್ಯೂಶನ್ ಅಲಂಕಾರವಲ್ಲ, ಅಗತ್ಯ. ಶಿಯೋಮಿಯದು 2880 ಇಂಟು 1800, ಒನ್‌ಪ್ಲಸ್ಸಿನದು 2408 ಇಂಟು 1720, ಸ್ಯಾಮ್‌ಸಂಗಿನದು 1920 ಇಂಟು 1200. ಸಿಮ್ ವಿಷಯದಲ್ಲಿ ಪಟ್ಟಿ ತಿರುಗಿ ಬೀಳುತ್ತದೆ: ಶಿಯೋಮಿ ಬರೀ ವೈಫೈ, ಉಳಿದೆರಡಕ್ಕೆ ಸಿಮ್ ಹಾಕುವ ಮಾದರಿಯೂ ಉಂಟು. ವರ್ಷಕ್ಕೆರಡು ಸಲ ಊರಿಗೆ ಹೋಗುವವರಿಗೆ, ಅಲ್ಲಿನ ಮನೆಯಲ್ಲಿ ವೈಫೈ ಇಲ್ಲದವರಿಗೆ, ಇದು ಸಣ್ಣ ವಿಷಯವಲ್ಲ.

ಕರ್ವೆ ರಸ್ತೆಯ ಶೋರೂಮಿಗೆ ಅವ್ವನನ್ನೇ ಕರೆದುಕೊಂಡು ಹೋದೆ. ಪ್ರದರ್ಶನಕ್ಕಿಟ್ಟ ಟ್ಯಾಬುಗಳಲ್ಲಿ ಹುಡುಗ ಗೇಮ್ ತೋರಿಸಲು ಹೊರಟ. ನಾನು ಇ-ಪೇಪರ್ ತೆರೆಸಿ, ಟ್ಯಾಬನ್ನು ಅಡ್ಡಕ್ಕೆ ತಿರುಗಿಸಿ, ಅರ್ಧ ಪುಟ ಪರದೆ ತುಂಬುವಂತೆ ಹಿಗ್ಗಿಸಿದೆ. ಗುಟ್ಟು ಇರುವುದು ಇಲ್ಲಿ. ಅಡ್ಡಕ್ಕೆ ಹಿಡಿದಾಗ ಪರದೆಯ ಅಗಲ ಸುಮಾರು 23.7 ಸೆಂಟಿಮೀಟರ್. ಅರ್ಧ ಪುಟ ಹದಿನಾರೂವರೆ. ಅಕ್ಷರ ಅಚ್ಚಿಗಿಂತ ಶೇಕಡ 40ರಷ್ಟು ದೊಡ್ಡದಾಯಿತು. ಕಾಲಮ್ಮಿಗೆ 150 ಇದ್ದ ಚುಕ್ಕಿ 1920ರ ಪರದೆಯಲ್ಲೂ 480 ಆಯಿತು. 7:5 ಆಕಾರದ ಪರದೆಯಲ್ಲಿ ಅಗಲ ಹೆಚ್ಚುಕಡಿಮೆ ಅಷ್ಟೇ. ಎತ್ತರ ಮಾತ್ರ ಎರಡು ಸೆಂಟಿಮೀಟರ್ ಹೆಚ್ಚು, ಅಂದರೆ ಇನ್ನೊಂದಿಷ್ಟು ಸಾಲು. ಅವ್ವ ಮೂಗಿನ ಮೇಲಿನ ಕನ್ನಡಕ ಸರಿಮಾಡಿಕೊಂಡು ಒಂದು ಸುದ್ದಿ ಪೂರ್ತಿ ಓದಿದಳು. ಆಮೇಲೆ ಕೇಳಿದಳು: ‘ಇದರಾಗ ನಮ್ಮ ಗದಗಿನ ಸುದ್ದಿ ಬರ್ತೈತೇನು?’

ಮೂರರಲ್ಲಿ ಯಾವುದನ್ನು ಕೊಂಡೆ ಎಂದು ಹೇಳುವುದಿಲ್ಲ. ಇದು ಜಾಹೀರಾತಲ್ಲ. ನಿಮ್ಮ ಮನೆಯ ಕಣ್ಣು, ಕೈ, ವೈಫೈ ಬೇರೆ ಇರಬಹುದು. ಆದರೆ ಕೊಂಡ ಮೇಲೆ ಕಲಿತದ್ದನ್ನು ಹೇಳುತ್ತೇನೆ.

ಮೊದಲನೆಯದು ತೂಕ. ಇವೆಲ್ಲ ಹೆಚ್ಚುಕಡಿಮೆ ಅರ್ಧ ಕಿಲೋ. ಅಂಗಡಿಯಲ್ಲಿ ಹಗುರ ಅನ್ನಿಸಿದ್ದು ಹತ್ತು ನಿಮಿಷದಲ್ಲಿ ಮುಂಗೈ ಹಿಡಿಯುತ್ತದೆ. ತಪಕೀರ್ ಗಲ್ಲಿಯಿಂದ ಸ್ಟ್ಯಾಂಡ್ ಇರುವ ಕವರ್ ತಂದೆ. ಅದು ಜಾರಿತು. ಮರುದಿನ ನೋಡಿದರೆ ಅವ್ವ ವ್ಯಾಸಪೀಠ ಬಿಚ್ಚಿ, ಅದರ ಮೇಲೆ ಟ್ಯಾಬ್ ಅಡ್ಡಕ್ಕೆ ಇಟ್ಟುಕೊಂಡು, ಚಕ್ಕಂಬಕ್ಕಳ ಹಾಕಿ ಕುಳಿತಿದ್ದಾಳೆ. ಅಳತೆ ಹೇಳಿ ಮಾಡಿಸಿದಂತೆ ಕೂತಿತ್ತು.

ಎರಡನೆಯದು ಬೆರಳು. ವಯಸ್ಸಾದವರ ಬೆರಳ ತುದಿ ಒಣಗಿರುತ್ತದೆ, ಟಚ್ ಹಿಡಿಯುವುದಿಲ್ಲ. ಆಗ ಅವರು ಒತ್ತಿ ಹಿಡಿಯುತ್ತಾರೆ, ಬೇರೆಯೇ ಮೆನು ತೆರೆಯುತ್ತದೆ, ಗಾಬರಿಯಾಗುತ್ತದೆ. ‘ನಾ ಏನರ ಕೆಡಿಸಿದೆನೇನು?’ ಎಂದು ಅವ್ವ ಮೊದಲ ವಾರ ದಿನಕ್ಕೆ ಹತ್ತು ಸಲ ಕೇಳಿದಳು. ಒದ್ದೆ ಬಟ್ಟೆಯಿಂದ ಬೆರಳು ಒರೆಸಿಕೊಂಡು, ಮುಟ್ಟಿ ಬಿಡುವುದನ್ನು ಕಲಿಸಿದೆ. ಸೆಟ್ಟಿಂಗ್ಸ್‌ನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಹೆಚ್ಚಿಸಬಹುದು, ಅದನ್ನೂ ಮಾಡಿದೆ.

ಮೂರನೆಯದು ಭಾಷೆ. 2012ರ ಜೆಲ್ಲಿ ಬೀನ್ ಆವೃತ್ತಿಗೆ ಮುಂಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಕನ್ನಡ ಬರೀ ಚೌಕದ ಡಬ್ಬಿಗಳಾಗಿ ಕಾಣುತ್ತಿದ್ದುದು ನಿಮಗೂ ನೆನಪಿರಬಹುದು. ಈಗ ಇಡೀ ಟ್ಯಾಬನ್ನೇ ಕನ್ನಡಕ್ಕೆ ತಿರುಗಿಸಬಹುದು. ಕೀಬೋರ್ಡಿನಲ್ಲಿ ಕೈಬರಹದ ಆಯ್ಕೆಯೂ ಇದೆ. ಅವ್ವ ಬೆರಳಿನಿಂದ ‘ಗದಗ’ ಎಂದು ಬರೆದಳು, ಅದು ಅಚ್ಚಿನ ‘ಗದಗ’ ಆಯಿತು. ಆಕೆ ಅದನ್ನು ಅಳಿಸಿ ಇನ್ನೊಮ್ಮೆ ಬರೆದಳು.

ಅದನ್ನು ನೋಡುವಾಗ ನನಗೆ ನೆನಪಾದದ್ದು ಸಿಂಪ್ಯೂಟರ್. ಸಿಂಪಲ್, ಇನೆಕ್ಸ್‌ಪೆನ್ಸಿವ್, ಮಲ್ಟಿಲಿಂಗ್ವಲ್ ಎಂಬ ಮಾತುಗಳಿಂದ ಕಟ್ಟಿದ ಹೆಸರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯ ಜೊತೆ ಸೇರಿ ರೂಪಿಸಿದ, ಅಂಗೈ ಮೇಲೆ ಹಿಡಿಯುವ ಕಂಪ್ಯೂಟರ್ ಅದು. 2001ರಲ್ಲೇ ಅದರ ಮಾದರಿ ತೋರಿಸಿದ್ದರು. 2004ರಲ್ಲಿ ನಮ್ಮ ಬಿಇಎಲ್ ತಯಾರಿಸಿದ ‘ಅಮಿಡಾ’ ಮಾರುಕಟ್ಟೆಗೆ ಬಂತು, ಆರಂಭದ ಬೆಲೆ ಸುಮಾರು ಹತ್ತು ಸಾವಿರ ರೂಪಾಯಿ. ಐಪ್ಯಾಡ್ ಬರುವುದಕ್ಕೆ ಇನ್ನೂ ಆರು ವರ್ಷವಿತ್ತು. ಇಂಗ್ಲಿಷ್ ಬಾರದವರೂ ಬಳಸಬೇಕು, ಓದಲು ಬಾರದವರಿಗೆ ಅದು ಅವರ ಭಾಷೆಯಲ್ಲೇ ಮಾತಾಡಿ ಹೇಳಬೇಕು ಎಂಬುದು ಅದರ ಆಸೆ. ಜಗತ್ತಿನ ಪತ್ರಿಕೆಗಳು ಹೊಗಳಿದವು. ಆದರೆ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಫೋನುಗಳು ಅಗ್ಗವಾದವು, ಅದು ಹಿಂದೆ ಸರಿಯಿತು. ಆಗ ನಾನು ಎಂಜಿನಿಯರಿಂಗ್ ಓದುತ್ತಿದ್ದೆ. ಪೇಪರಿನಲ್ಲಿ ಬಂದ ಅದರ ಚಿತ್ರವನ್ನು ತೋರಿಸಿದವಳು ಇದೇ ಅವ್ವ. ‘ಕನ್ನಡಾ ಮಾತಾಡೋ ಕಂಪ್ಯೂಟರ್ ಬಂದೈತಂತ’ ಎಂದಿದ್ದಳು. ಸಿಂಪ್ಯೂಟರ್ ಸೋತಿತು ಅನ್ನುತ್ತಾರೆ. ಅದು ಎತ್ತಿದ ಪ್ರಶ್ನೆ ಮಾತ್ರ ಇಂದಿಗೂ ಸರಿಯಾದದ್ದೇ: ಕನ್ನಡ ಒಂದೇ ಬಲ್ಲವರು ಇನ್ನೊಬ್ಬರನ್ನು ಕೇಳದೆ ಇದನ್ನು ಬಳಸಬಲ್ಲರೇ?

ನಮ್ಮ ಮನೆಯ ಟ್ಯಾಬ್ ಈ ಪರೀಕ್ಷೆಯಲ್ಲಿ ಪೂರ್ತಿ ಪಾಸಾಗಿಲ್ಲ. ಯಾವಾಗಲೋ ಒಮ್ಮೆ ಇ-ಪೇಪರ್ ಲಾಗಿನ್ ಬಿಟ್ಟುಹೋಗುತ್ತದೆ. ಒಟಿಪಿ ನನ್ನ ಫೋನಿಗೆ ಬರುತ್ತದೆ, ನಾನು ಮೀಟಿಂಗಿನಲ್ಲಿರುತ್ತೇನೆ. ತೆರೆದರೆ ಮೊದಲು ಬೆಂಗಳೂರು ಆವೃತ್ತಿ. ಗದಗಿಗೆ ಹೋಗಲು ಇಂಗ್ಲಿಷಿನ ಪಟ್ಟಿಯಲ್ಲಿ ಹುಡುಕಬೇಕು. ಇ-ಪೇಪರಿನ ಪುಟ ಬಹಳ ಕಡೆ ಚಿತ್ರ ಮಾತ್ರ, ಅಕ್ಷರವಲ್ಲ. ಹಾಗಾಗಿ ಟ್ಯಾಬಿಗೆ ಓದಿ ಹೇಳುವ ಸೌಲಭ್ಯವಿದ್ದರೂ ಅದು ಆ ಪುಟವನ್ನು ಓದಲಾರದು. ಕಣ್ಣು ಇನ್ನಷ್ಟು ಮಂದವಾದ ದಿನ ಏನು ಮಾಡುವುದು ಎಂಬ ಚಿಂತೆ ನನಗಿದೆ. ಸದ್ಯಕ್ಕೆ ಗದಗ ಆವೃತ್ತಿಯ ಕೊಂಡಿಯನ್ನೇ ಮುಖಪರದೆಯ ಮೇಲೆ ಒಂದು ಗುರುತಾಗಿ ಇಟ್ಟಿದ್ದೇನೆ. ಒಟಿಪಿಗೆ ಅವ್ವನ ಸ್ವಂತ ನಂಬರ್ ಕೊಟ್ಟಿದ್ದೇನೆ. ಈ ಎರಡು ಕೆಲಸ ನೀವೂ ಮೊದಲ ದಿನವೇ ಮಾಡಿಬಿಡಿ. ಉಳಿದ ಯಾವ ಫೀಚರಿಗಿಂತಲೂ ಇವು ಹೆಚ್ಚು ಉಪಯೋಗಕ್ಕೆ ಬಂದಿವೆ.

ಅವ್ವನ ರಿವ್ಯೂ ಕೇಳಿದರೆ ಆಕೆ ಸುಲಭಕ್ಕೆ ಐದು ಸ್ಟಾರ್ ಕೊಡುವವಳಲ್ಲ. ಬೆಳಗ್ಗೆ ಐದಕ್ಕೇ ಪೇಪರ್ ಬಂದಿರುತ್ತದೆ, ಅದು ಪಾಸ್. ಚಾರ್ಜ್ ಎರಡು ದಿನ ಬರುತ್ತದೆ, ಅದೂ ಪಾಸ್. ಬಾಲ್ಕನಿಯ ಬಿಸಿಲಿನಲ್ಲಿ ಕುಳಿತರೆ ಪರದೆಯಲ್ಲಿ ತನ್ನ ಮುಖವೇ ಕಾಣುತ್ತದೆ, ಅದು ಫೇಲ್. ‘ಮತ್ತ ಓದಿ ಆದಮ್ಯಾಲೆ ಕಪಾಟಿಗೆ ಹಾಸಾಕ ಬರಂಗಿಲ್ಲ’ ಎಂಬುದು ದೊಡ್ಡ ದೂರು. ಒಮ್ಮೆ ಪುಣೆ ಕನ್ನಡ ಸಂಘದ ಕಾರ್ಯಕ್ರಮಕ್ಕೆ ಹೋದಾಗ, ಪಕ್ಕದಲ್ಲಿ ಕುಳಿತ ಹಿರಿಯರೊಬ್ಬರಿಗೆ ‘ಅಡ್ಡಕ್ಕ ಹಿಡೀರಿ, ಅರ್ಧಾ ಪುಟ ಅಷ್ಟ ದೊಡ್ಡದು ಮಾಡ್ರಿ’ ಎಂದು ಪಾಠ ಮಾಡುತ್ತಿದ್ದಳು.

ಕಳೆದ ವರ್ಷದ ಶ್ರಾವಣದ ಒಂದು ಬೆಳಗ್ಗೆ ನಾನು ಆಫೀಸಿಗೆ ಹೊರಟು ನಿಂತಿದ್ದೆ. ವ್ಯಾಸಪೀಠದ ಮುಂದೆ ಕುಳಿತಿದ್ದ ಅವ್ವ ಸರಕ್ಕನೆ ಎದ್ದು ಫೋನ್ ಕೈಗೆತ್ತಿಕೊಂಡಳು. ನಮ್ಮ ಓಣಿಯ ಹಳೆಯ ಮಾಸ್ತರರು ಹಿಂದಿನ ರಾತ್ರಿ ತೀರಿಕೊಂಡಿದ್ದರು. ಮಧ್ಯಾಹ್ನ ಎರಡಕ್ಕೆ ಅಂತ್ಯಕ್ರಿಯೆ ಎಂದು ಪುಟದ ಮೂಲೆಯಲ್ಲಿ ನಾಲ್ಕು ಸಾಲು ಇತ್ತು. ಮೊದಲು ಮಾಸ್ತರರ ಮನೆಗೆ ಫೋನ್ ಮಾಡಿ, ಅವರ ಹೆಂಡತಿಯ ಜೊತೆ ಬಹಳ ಹೊತ್ತು ಮಾತಾಡಿದಳು. ನಾನು ಶೂ ಹಾಕಿಕೊಂಡವನು ಹಾಗೇ ನಿಂತಿದ್ದೆ.

ಆಮೇಲೆ ಗದಗಿನಲ್ಲೇ ಇರುವ ನನ್ನ ಚಿಕ್ಕಪ್ಪನಿಗೆ ಫೋನ್ ಹಚ್ಚಿದಳು. ಅವರಿಗೆ ವಿಷಯವೇ ಗೊತ್ತಿರಲಿಲ್ಲ.

‘ಊರಾಗ ಇದ್ದು ಪೇಪರ್ ನೋಡಿಲ್ಲೇನು?’ ಎಂದು ಗದರಿಸಿದಳು. ‘ಎರಡಕ್ಕ ಐತಿ. ಲಗೂನ ಹೋಗು, ನನ್ನ ಹೆಸರಿಲೆ ಒಂದು ಹಾರಾ ಹಾಕು.’